ದೆಹಲಿಯ ಭದ್ರತಾ ಮಂಡಳಿ: ನಂಬಿದ್ದು, ನಡೆದದ್ದು

ಕಾರ್ಗಿಲ್ ಯುದ್ಧದ ಪಾಠದಿಂದ ರಾಷ್ಟ್ರೀಯ ಭದ್ರತಾ ಮಂಡಳಿ ಹುಟ್ಟಿತು ಎಂಬ ನಂಬಿಕೆ.

ಇಸವಿಗಳು ಇದನ್ನು ಒಪ್ಪುವುದಿಲ್ಲ. ವಿ.ಪಿ. ಸಿಂಗ್ ಸರ್ಕಾರ 1990ರಲ್ಲೇ ಇಂಥದೊಂದು ಮಂಡಳಿ ರಚಿಸಿತ್ತು. ಸರ್ಕಾರ ಬಿದ್ದ ಮೇಲೆ ಅದನ್ನು ಕೇಳುವವರಿರಲಿಲ್ಲ. ಪೋಖ್ರಾನ್ ಅಣುಪರೀಕ್ಷೆಗಳಾದ ಕೆಲವೇ ತಿಂಗಳಲ್ಲಿ, 1998ರ ನವೆಂಬರ್‌ನಲ್ಲಿ, ವಾಜಪೇಯಿ ಸರ್ಕಾರ ಅದಕ್ಕೆ ಮರುಜೀವ ಕೊಟ್ಟಿತು. ಕಾರ್ಗಿಲ್‌ನಲ್ಲಿ ನುಸುಳುಕೋರರು ಕಣ್ಣಿಗೆ ಬಿದ್ದದ್ದು 1999ರ ಮೇ ತಿಂಗಳಲ್ಲಿ. ಮಂಡಳಿ ಇದ್ದಾಗಲೇ ಕಾರ್ಗಿಲ್ ನಡೆಯಿತು ಎನ್ನುವುದೇ ಸರಿ, ಕೇಳಲು ಮುಜುಗರವಾದರೂ.

ಭದ್ರತೆಯ ತೀರ್ಮಾನಗಳೆಲ್ಲ ಈ ಮಂಡಳಿಯಲ್ಲೇ ಆಗುತ್ತವೆ ಎಂಬ ನಂಬಿಕೆ.

ತೀರ್ಮಾನ ಮಾಡುವುದು ಸಂಪುಟದ ಭದ್ರತಾ ಸಮಿತಿ: ಪ್ರಧಾನಿ, ಗೃಹ, ರಕ್ಷಣೆ, ಹಣಕಾಸು, ವಿದೇಶಾಂಗ ಸಚಿವರು. ತಮಾಷೆಯೆಂದರೆ ಮಂಡಳಿಯಲ್ಲಿ ಮುಖ್ಯವಾಗಿ ಕೂರುವವರೂ ಇವರೇ. ಸಮಿತಿಯಲ್ಲಿ ಇವರ ಮಾತು ಸರ್ಕಾರದ ಆದೇಶ, ಮಂಡಳಿಯಲ್ಲಿ ಬರೀ ಸಲಹೆ. ದೂರದ ಯೋಚನೆ ಮಂಡಳಿಯ ಪಾಲು, ಇವತ್ತಿನ ತುರ್ತು ಸಮಿತಿಯ ಪಾಲು; ಸಚಿವರಿಗೆ ಯಾವುದಕ್ಕೆ ಬಿಡುವು ಸಿಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಮಂಡಳಿಯ ಭಾರವೆಲ್ಲ ಅದರ ಸಚಿವಾಲಯದ ಮೇಲೆ, ಭದ್ರತಾ ಸಲಹೆಗಾರರ ಮೇಲೆ ಬಿತ್ತು. ಮೊದಲ ಸಲಹೆಗಾರ ಬ್ರಜೇಶ್ ಮಿಶ್ರಾ ಪ್ರಧಾನಿಯ ಪ್ರಧಾನ ಕಾರ್ಯದರ್ಶಿಯೂ ಆಗಿದ್ದರು. ಕೆ. ಸುಬ್ರಹ್ಮಣ್ಯಂ ನೇತೃತ್ವದ ಕಾರ್ಗಿಲ್ ಪರಾಮರ್ಶೆ ಸಮಿತಿ ಪೂರ್ಣಾವಧಿ ಸಲಹೆಗಾರ ಬೇಕೆಂದಿತು. ಆದರೂ 2004ರಲ್ಲಿ ಸರ್ಕಾರ ಬದಲಾಗುವವರೆಗೆ ಎರಡೂ ಕುರ್ಚಿ ಒಬ್ಬರವೇ. ನನ್ನ ಮಟ್ಟಿಗೆ, ಹುದ್ದೆಯ ತೂಕ ಪ್ರಧಾನಿಯ ವಿಶ್ವಾಸದಿಂದ ಬರುತ್ತದೆಯೇ ಹೊರತು ಮಂಡಳಿಯಿಂದಲ್ಲ.

ಮಂಡಳಿಗೂ ಮೊದಲು ಇಂಥ ವ್ಯವಸ್ಥೆಯೇ ಇರಲಿಲ್ಲ ಎಂಬ ನಂಬಿಕೆ.

ಬ್ರಿಟಿಷ್ ಸೇನಾಧಿಕಾರಿ ಲಾರ್ಡ್ ಇಸ್ಮೇ ಸಲಹೆಯಂತೆ 1947ರಲ್ಲೇ ಸಂಪುಟದ ರಕ್ಷಣಾ ಸಮಿತಿ, ಸೇನಾ ಮುಖ್ಯಸ್ಥರ ಸಮಿತಿಗಳು ಇದ್ದವು. ಇದ್ದೂ ಏನಾಯಿತು? 1959ರಲ್ಲಿ ಆಗಿನ ಭೂಸೇನಾ ಮುಖ್ಯಸ್ಥ, ಕೊಡಗಿನ ಜನರಲ್ ತಿಮ್ಮಯ್ಯ, ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಹೊಂದಿಕೆಯಾಗದೆ ರಾಜೀನಾಮೆ ಕೊಟ್ಟರು. ಅವರನ್ನು ಒಲಿಸಿ ಅದನ್ನು ಹಿಂತೆಗೆಸಿದ್ದು ಯಾವ ಸಮಿತಿಯೂ ಅಲ್ಲ, ಸ್ವತಃ ನೆಹರೂ.

ಭದ್ರತಾ ಸಲಹೆಗಾರರು ಸೇನೆಯಿಂದ ಬಂದವರಿರಬೇಕು ಎಂಬ ನಂಬಿಕೆ.

ಅಂಥ ನಿಯಮವಿಲ್ಲ. ಈ ಹುದ್ದೆಗೆ ಬಂದವರಲ್ಲಿ ದೀಕ್ಷಿತ್, ಶಿವಶಂಕರ ಮೆನನ್ ಮತ್ತು ಮಿಶ್ರಾ ವಿದೇಶಾಂಗ ಸೇವೆಯವರು. ನಾರಾಯಣನ್, ದೋವಲ್ ಪೊಲೀಸ್ ಸೇವೆಯವರು.

ರಕ್ಷಣಾ ಪಡೆಗಳ ಮುಖ್ಯಸ್ಥರು (ಸಿಡಿಎಸ್) ಮೂರೂ ಸೇನೆಗಳಿಗೆ ಆಜ್ಞೆ ಕೊಡುತ್ತಾರೆ ಎಂಬ ನಂಬಿಕೆ.

ಭೂಸೇನೆ, ನೌಕಾಪಡೆ, ವಾಯುಪಡೆಗಳ ಮೇಲಿನ ಅಧಿಕಾರ ಆಯಾ ಮುಖ್ಯಸ್ಥರ ಕೈಯಲ್ಲೇ ಉಳಿಯುವಂತೆ ಈ ಹುದ್ದೆಯನ್ನು ರೂಪಿಸಲಾಯಿತು. ಇವರ ಕೆಲಸ ಮೂರಕ್ಕೂ ಸಂಬಂಧಿಸಿದ ವಿಷಯಗಳಲ್ಲಿ ರಕ್ಷಣಾ ಸಚಿವರಿಗೆ ಸಲಹೆ ಕೊಡುವುದು, ಮೂರನ್ನೂ ಹೊಂದಿಸುವುದು. ಕಾರ್ಗಿಲ್ ಪರಾಮರ್ಶೆಯ ನಂತರದ ಸಚಿವರ ಗುಂಪು 2001ರಲ್ಲಿ ಶಿಫಾರಸು ಮಾಡಿದ ಈ ಹುದ್ದೆಗೆ ಮೊದಲಿಗರಾಗಿ ಬಿಪಿನ್ ರಾವತ್ ಬಂದದ್ದು 2020ರ ಜನವರಿ 1ರಂದು.