ಯೆಜ್ಡಿ 'ಗರ್ರ್' ಅಂದ್ರೆ ಕಿವಿ ಕೊಡಿ!

ಮೈಸೂರು: ಹಳೇ ಯೆಜ್ಡಿ ಬೀದಿ ತಿರುವಿನಲ್ಲಿದ್ದಾಗಲೇ ಅದರ ಸದ್ದಿನಿಂದ ಯಾರ ಗಾಡಿ ಅಂತ ಮನೆಯವರಿಗೆ ಗೊತ್ತಾಗುತ್ತೆ. ಆ ಪರಿಚಿತ ಸದ್ದಿನ ಜತೆ ಎಂಜಿನ್ನಿನ ಹೊಟ್ಟೆಯೊಳಗಿಂದ 'ಗರ್ರ್' ಎಂಬ ಇನ್ನೊಂದು ಸದ್ದು ಸೇರಿಕೊಂಡರೆ? "ಓಡ್ತಾ ಇದೆಯಲ್ಲ, ಓಡ್ಲಿ ಬಿಡಿ" ಅನ್ನುವವರೇ ಹೆಚ್ಚು. ಕೆಲಸ ಕೆಡುವುದೂ ಅಲ್ಲೇ.

ಅದು ಕ್ರ್ಯಾಂಕ್ ಬೇರಿಂಗ್ ಸವೆದ ಸದ್ದು.

ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನಲ್ಲಿ ಗಾಡಿ ತಯಾರಿಕೆ ಶುರು ಮಾಡಿದ್ದು 1961ರಲ್ಲಿ. 1973ರಿಂದ ಗಾಡಿಗೆ ಯೆಜ್ಡಿ ಎಂಬ ಹೆಸರು. 1996ರಲ್ಲಿ ಬಾಗಿಲಿಗೆ ಬೀಗ ಬಿತ್ತು. 2018ರಲ್ಲಿ ಜಾವಾ ಹೆಸರು ಮತ್ತೆ ಬಂತು, ನಿಜ. ಆದರೆ ಅದು ಫೋರ್ ಸ್ಟ್ರೋಕ್, ಎಂಜಿನ್ನೇ ಬೇರೆ. ಹಾಗಾಗಿ ಹಳೇ ಗಾಡಿಯ ಕ್ರ್ಯಾಂಕ್ ಹಾಳಾದರೆ ಕಾರ್ಖಾನೆಗೆ ಹೋಗಿ ಕೇಳುವಂತಿಲ್ಲ.

ಬೇರಿಂಗ್ ಹಾಗಲ್ಲ ಸ್ವಾಮಿ! ಅದು ಲೋಕಕ್ಕೆಲ್ಲ ಒಂದೇ ಅಳತೆಯ ಮಾಲು. ಹಳೇ ಬೇರಿಂಗಿನ ಅಂಚಿನ ಮೇಲಿರುವ ನಂಬರ್ ಹೇಳಿದರೆ ಅಂಗಡಿಯವರು ತೆಗೆದುಕೊಡುತ್ತಾರೆ. ಲೆಕ್ಕವೂ ಸುಲಭ: 6204 ಅಂದರೆ ಕೊನೆಯ 4ನ್ನು 5ರಿಂದ ಗುಣಿಸಿ, ಒಳತೂತು 20 ಮಿ.ಮೀ. 6205 ಆದರೆ 25.

ಬೇರಿಂಗ್ ಸವೆಯುವುದೇಕೆ? ಈ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕಿಗೆ ಪೆಟ್ರೋಲಿಗೆ ಬೆರೆಸಿದ ಆಯಿಲೇ ಗತಿ. ಆಯಿಲ್ ಕಮ್ಮಿ ಹಾಕಿ ನಾಲ್ಕು ಕಾಸು ಉಳಿಸಿದರೆ ಗುಂಡುಗಳು ಒಣಗುತ್ತವೆ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸಿದರೆ ತೇವಕ್ಕೆ ತುಕ್ಕು ಹಿಡಿಯುತ್ತೆ. ಕ್ರ್ಯಾಂಕ್ ಅಲ್ಲಾಡತೊಡಗಿದರೆ ಪಕ್ಕದ ಆಯಿಲ್ ಸೀಲೂ ಹೋಗುತ್ತೆ. ಅಲ್ಲಿಂದ ಗಾಳಿ ಒಳಗೆ ನುಗ್ಗಿ, ಎಂಜಿನ್ ಕಾದು, ಪಿಸ್ಟನ್ ಜಾಮ್!

ಹೊಸದನ್ನು ಕೂರಿಸುವಾಗ ಸುತ್ತಿಗೆಯ ಅವಸರ ಬೇಡ. ಅನುಭವಸ್ಥ ಮೆಕ್ಯಾನಿಕ್ಕು ಎಂಜಿನ್ ಕೇಸನ್ನು ಸುಮಾರು 100 ಡಿಗ್ರಿಗೆ, ಅಂದರೆ ನೀರಿನ ಹನಿ ಬಿದ್ದರೆ ಚುರ್ ಅನ್ನುವಷ್ಟು, ಬಿಸಿ ಮಾಡುತ್ತಾನೆ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತೆ. ಹಳೇದು ಸಲೀಸಾಗಿ ಕಳಚುತ್ತೆ, ಫ್ರಿಜ್ಜಿನಲ್ಲಿಟ್ಟ ಹೊಸದು ಸಲೀಸಾಗಿ ಕೂರುತ್ತೆ. ಕೇಸಿಗೆ ಕೂರಿಸುವಾಗ ಹೊರಬಳೆಯನ್ನೇ ಒತ್ತಬೇಕು, ಶಾಫ್ಟಿಗೆ ಏರಿಸುವಾಗ ಒಳಬಳೆಯನ್ನು. ತಪ್ಪಿ ಬಡಿದರೆ ಏಟು ಗುಂಡುಗಳ ಮೂಲಕ ಹಾದು ಅವು ಓಡುವ ದಾರಿಯಲ್ಲಿ ಗುಳಿ ಬೀಳುತ್ತೆ. ಹೊಸ ಬೇರಿಂಗು ಮೊದಲ ದಿನವೇ 'ಗರ್ರ್' ಅನ್ನುತ್ತೆ.

ಕೊಳ್ಳುವಾಗ ನಂಬರಿನ ಮುಂದೆ ಸಿ3 ಅಂತ ಇದೆಯೇ ನೋಡಿ. ಬಿಸಿಗೆ ಹಿಗ್ಗಲು ಅದರೊಳಗೆ ಸ್ವಲ್ಪ ಹೆಚ್ಚು ಸಂದು ಬಿಟ್ಟಿರುತ್ತಾರೆ. ಒಳ್ಳೇ ಹೆಸರಿನ ಡಬ್ಬಿಯಲ್ಲಿ ನಕಲಿ ಮಾಲೂ ಬರುತ್ತೆ, ಬಿಲ್ ಕೇಳಿ. ಎಂಜಿನ್ ಬಿಚ್ಚಿದ ಮೇಲೆ ಎರಡೂ ಕಡೆಯ ಬೇರಿಂಗು, ಸೀಲು ಒಟ್ಟಿಗೇ ಬದಲಿಸಿ. ಒಂದೊಂದಕ್ಕೂ ಮತ್ತೆ ಬಿಚ್ಚುವ ಕೂಲಿ ಯಾಕೆ?

ಕಾಸಿನ ಲೆಕ್ಕ ಅಂಗಡಿಯವರಿಗೆ ಹೇಳಿಕೊಡಬೇಕಿಲ್ಲ. ಅಂಗಡಿಯಲ್ಲಿ ಸಿಗುವ ಬೇರಿಂಗಿನ ದುಡ್ಡು ಉಳಿಸಲು ಹೋಗಿ, ಕಾರ್ಖಾನೆಯಲ್ಲಿ ಸಿಗದ ಕ್ರ್ಯಾಂಕನ್ನು ಗುಜರಿಗೆ ಹಾಕುವುದು ಯಾವ ಸೀಮೆ ವ್ಯಾಪಾರ?