ಮೈಸೂರಿನಿಂದ ಬೈಕ್ ಪ್ರವಾಸ: ದೂರಕ್ಕಿಂತ ಹೊತ್ತಿನ ಲೆಕ್ಕ ಮುಖ್ಯ

ಮೈಸೂರಿಗೂ ಮೋಟಾರ್ ಸೈಕಲ್ಲಿಗೂ ಹಳೆಯ ನಂಟು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಉತ್ಪಾದನೆ ಆರಂಭಿಸಿ, ಮೊದಲು ಜಾವಾ, ಅನಂತರ ಯೆಜ್ಡಿ ಹೆಸರಿನಲ್ಲಿ ದೇಶದ ಉದ್ದಗಲಕ್ಕೂ ಬೈಕುಗಳನ್ನು ಕಳುಹಿಸಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತಾದರೂ ಆ ಬೈಕುಗಳ ಮೇಲಿನ ಅಭಿಮಾನ ನಗರದಲ್ಲಿ ಇಂದಿಗೂ ಉಳಿದಿದೆ. ಆದರೆ ಸವಾರರನ್ನು ಮೈಸೂರಿನತ್ತ ಸೆಳೆಯುವುದು ಈ ನೆನಪೊಂದೇ ಅಲ್ಲ. ಪೂರ್ವಕ್ಕೆ ಹೊರಟರೆ ಕಾವೇರಿ ಬಯಲಿನ ಭತ್ತ, ಕಬ್ಬಿನ ಗದ್ದೆಗಳು. ದಕ್ಷಿಣಕ್ಕೆ ಬಂಡೀಪುರದ ಕಾಡು, ಅದರಾಚೆ ನೀಲಗಿರಿ. ಪಶ್ಚಿಮಕ್ಕೆ ಕೊಡಗಿನ ಕಾಫಿ ತೋಟಗಳು. ಇಷ್ಟು ಭಿನ್ನವಾದ ಮೂರು ನಿಸರ್ಗ ಅರ್ಧ ದಿನದ ಸವಾರಿಯೊಳಗೆ ಸಿಗುವ ನಗರಗಳು ರಾಜ್ಯದಲ್ಲಿ ವಿರಳ.

ಇಂತಹ ಪ್ರವಾಸಕ್ಕೆ ಯೋಜನೆ ಹಾಕುವವರು ಸಾಮಾನ್ಯವಾಗಿ ಎಣಿಸುವುದು ಕಿಲೋಮೀಟರುಗಳನ್ನು. ಮೈಸೂರಿನ ಸುತ್ತ ಆ ಎಣಿಕೆ ಸಾಲದು. ಇಲ್ಲಿನ ಕೆಲವು ರಸ್ತೆಗಳಿಗೆ ಬಾಗಿಲುಗಳಿವೆ, ಅವುಗಳಿಗೆ ಹೊತ್ತಿನ ಕಟ್ಟುಪಾಡಿದೆ. ಎಲ್ಲಿಗೆ ಹೋಗಬೇಕು ಎಂಬುದಕ್ಕಿಂತ ಎಷ್ಟು ಹೊತ್ತಿಗೆ ಎಲ್ಲಿರಬೇಕು ಎಂಬುದನ್ನು ಮೊದಲು ನಿರ್ಧರಿಸಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುವುದು ಸರಿಯಾದ ಕ್ರಮ.

ಕಾಡಿನ ಬಾಗಿಲುಗಳು

ಗುಂಡ್ಲುಪೇಟೆಯಿಂದ ಕೇರಳದ ಸುಲ್ತಾನ್ ಬತ್ತೇರಿಗೂ ತಮಿಳುನಾಡಿನ ಊಟಿಗೂ ಹೋಗುವ ಎರಡು ರಾಷ್ಟ್ರೀಯ ಹೆದ್ದಾರಿಗಳು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶವನ್ನು ಸೀಳಿಕೊಂಡು ಸಾಗುತ್ತವೆ. ರಾತ್ರಿ ವೇಳೆ ವಾಹನಗಳಿಗೆ ಸಿಕ್ಕಿ ವನ್ಯಜೀವಿಗಳು ಸಾಯುತ್ತಿದ್ದ ಕಾರಣ 2009ರಲ್ಲಿ ಇಲ್ಲಿ ರಾತ್ರಿ ಸಂಚಾರವನ್ನು ನಿಷೇಧಿಸಲಾಯಿತು. 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಆಂಬುಲೆನ್ಸ್‌ನಂತಹ ತುರ್ತು ವಾಹನಗಳು ಹಾಗೂ ನಿಗದಿತ ಸಂಖ್ಯೆಯ ಸಾರಿಗೆ ಬಸ್ಸುಗಳನ್ನು ಬಿಟ್ಟರೆ ಬೇರೆ ವಾಹನಗಳಿಗೆ ಪ್ರವೇಶವಿಲ್ಲ. ಎಚ್.ಡಿ. ಕೋಟೆ, ಬಾವಲಿ ಮೂಲಕ ವಯನಾಡಿನ ಮಾನಂದವಾಡಿಗೆ ಹೋಗುವ ರಸ್ತೆಯಲ್ಲಿ ನಿರ್ಬಂಧ ಇನ್ನೂ ಕಠಿಣ. ಅಲ್ಲಿ ಸಂಜೆ 6ಕ್ಕೇ ಗೇಟು ಮುಚ್ಚುತ್ತದೆ.

ಗೇಟು ಮುಚ್ಚುವ ಹೊತ್ತೇ ಸವಾರನ ಗಡುವು ಎಂದು ತಿಳಿಯುವುದು ತಪ್ಪು. ಮುಸ್ಸಂಜೆ ಹಾಗೂ ನಸುಕು ಪ್ರಾಣಿಗಳು ನೀರು, ಮೇವು ಅರಸಿ ರಸ್ತೆ ದಾಟುವ ಹೊತ್ತು. ಕಾರಿನಲ್ಲಿರುವವನಿಗೆ ತಗಡಿನ ಗೋಡೆಯಾದರೂ ಇದೆ, ಬೈಕ್ ಸವಾರನಿಗೆ ಏನೂ ಇಲ್ಲ. ಆದ್ದರಿಂದ ಬಂಡೀಪುರವನ್ನು ಸಂಜೆ 5ರೊಳಗೆ ದಾಟುವಂತೆ ದಿನಚರಿ ಹೊಂದಿಸಿಕೊಳ್ಳುವುದು ಕ್ಷೇಮ.

ಕಾಡಿನ ನಡುವೆ ಬೈಕ್ ನಿಲ್ಲಿಸುವುದು, ಕೋತಿ, ಜಿಂಕೆಗಳಿಗೆ ತಿಂಡಿ ಹಾಕುವುದು ದಂಡಾರ್ಹ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಆನೆಯ ಫೋಟೊ ತೆಗೆಯಲು ಹೋದ ಪ್ರವಾಸಿಗರೊಬ್ಬರು ಅದರ ದಾಳಿಗೆ ಸಿಲುಕಿ ಪವಾಡಸದೃಶವಾಗಿ ಬದುಕಿ ಉಳಿದರು. ಅರಣ್ಯ ಇಲಾಖೆ ಅವರಿಗೆ 25 ಸಾವಿರ ರೂಪಾಯಿ ದಂಡ ವಿಧಿಸಿತು. ಆನೆ ಎದುರಾದರೆ ಸಾಕಷ್ಟು ದೂರದಲ್ಲೇ ನಿಂತು, ಹಾರ್ನ್ ಮಾಡದೆ, ಎಂಜಿನ್ ಆರಿಸದೆ ಕಾಯಬೇಕು. ಬಸ್ಸು ಅಥವಾ ಲಾರಿ ಬಂದರೆ ಅದರ ಮರೆಯಲ್ಲಿ ಮುಂದುವರಿಯುವುದು ಜಾಣತನ.

ದಿನಕ್ಕೆ ಎಷ್ಟು ದೂರ?

ಹೆದ್ದಾರಿಯ ವೇಗವನ್ನು ಹಳ್ಳಿ ರಸ್ತೆಗೆ ಅನ್ವಯಿಸಿದರೆ ಲೆಕ್ಕ ತಪ್ಪುತ್ತದೆ. ಊರೂರಿಗೆ ಎದುರಾಗುವ ರಸ್ತೆ ಉಬ್ಬು, ಸಂತೆಯ ಜನಸಂದಣಿ, ದನಕರು, ಚಹಾ ವಿರಾಮ ಎಲ್ಲವನ್ನೂ ಸೇರಿಸಿದರೆ ಬಯಲಿನಲ್ಲಿ ಗಂಟೆಗೆ ಸರಾಸರಿ 40, ಘಟ್ಟದಲ್ಲಿ 25ರಿಂದ 30 ಕಿಲೋಮೀಟರ್ ಎಂದು ಹಿಡಿಯುವುದು ವಾಸ್ತವಕ್ಕೆ ಹತ್ತಿರ. ಬೆಳಿಗ್ಗೆ 6ಕ್ಕೆ ಹೊರಟು ಸಂಜೆ 5ಕ್ಕೆ ನಿಲ್ಲುವವರಿಗೆ, ನೋಡುವ ತಾಣಗಳ ಸಮಯ ಕಳೆದು ದಿನಕ್ಕೆ 150ರಿಂದ 200 ಕಿಲೋಮೀಟರ್ ಹದವಾದ ದೂರ. ಹಿಂಬದಿ ಸವಾರರಿದ್ದರೆ ಇನ್ನೂ ಕಡಿಮೆ ಇರಲಿ.

ಬೆಂಗಳೂರಿನಿಂದ ಬರುವವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲೇ ಬರಬೇಕಾದ್ದರಿಂದ ಆ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಬೇಕು. ಹುಬ್ಬಳ್ಳಿಯಂತಹ ದೂರದ ಊರುಗಳವರು ಬೈಕನ್ನು ರೈಲಿನ ಪಾರ್ಸೆಲ್‌ನಲ್ಲಿ ಮೈಸೂರಿಗೆ ಕಳುಹಿಸಬಹುದು. ಹಾಗೆ ಕಳುಹಿಸುವಾಗ ಟ್ಯಾಂಕಿನ ಪೆಟ್ರೋಲ್ ಪೂರ್ತಿ ಖಾಲಿ ಮಾಡಿರಬೇಕು, ನೋಂದಣಿ ಪತ್ರದ ಪ್ರತಿ ಕೈಯಲ್ಲಿರಬೇಕು.

ಒಂದು ದಿನ: ಕಾವೇರಿ ಬಯಲು

ಹೊಸಬರಿಗೆ ಸೂಕ್ತವಾದ ಮಾರ್ಗವಿದು. ಮೈಸೂರಿನಿಂದ ಬನ್ನೂರು ಮೂಲಕ ಸೋಮನಾಥಪುರ ಸುಮಾರು 35 ಕಿಲೋಮೀಟರ್. ಅಲ್ಲಿನ 13ನೆಯ ಶತಮಾನದ ಕೇಶವ ದೇವಾಲಯ 2023ರಲ್ಲಿ ಬೇಲೂರು, ಹಳೇಬೀಡುಗಳೊಂದಿಗೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿಂದ ಕಪಿಲೆಯು ಕಾವೇರಿಯನ್ನು ಸೇರುವ ತಿರುಮಕೂಡಲು ನರಸೀಪುರ, ಮರಳಿನಲ್ಲಿ ಹೂತ ದೇಗುಲಗಳ ತಲಕಾಡು, ಕೊನೆಗೆ ಶಿವನಸಮುದ್ರ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು ಇಲ್ಲಿನ ಕೇಂದ್ರದಿಂದಲೇ. ಮಳವಳ್ಳಿ, ಕಿರುಗಾವಲು, ಬನ್ನೂರು ಹಾದಿಯಾಗಿ ಮರಳಿದರೆ ಕಾಡಿನ ಗೇಟುಗಳ ಚಿಂತೆಯಿಲ್ಲದೆ ಸಂಜೆಯೊಳಗೆ ಊರು ಸೇರಬಹುದು.

ಗಗನಚುಕ್ಕಿ, ಭರಚುಕ್ಕಿಗಳಲ್ಲಿ ನೀರು ತುಂಬಿರುವುದು ಮಳೆಗಾಲದಲ್ಲಿ. ಆದರೆ ಯಾವ ಕಾಲದಲ್ಲೂ ಗುರುತಿಲ್ಲದ ಜಾಗದಲ್ಲಿ ನದಿಗಿಳಿಯಬಾರದು. ಮೇಲ್ನೋಟಕ್ಕೆ ಶಾಂತವಾಗಿ ಕಾಣುವ ಕಾವೇರಿಯ ಮಡುಗಳು, ಸುಳಿಗಳು ಈಜು ಬಲ್ಲವರನ್ನೂ ಬಲಿ ತೆಗೆದುಕೊಂಡಿವೆ.

ಎರಡು ದಿನ: ಬಂಡೀಪುರ, ನೀಲಗಿರಿ

ನಂಜನಗೂಡು ದಾಟಿ ಸುಮಾರು 60 ಕಿಲೋಮೀಟರ್ ದೂರದ ಗುಂಡ್ಲುಪೇಟೆ ತಲುಪಿದರೆ ನಿಸರ್ಗ ಬದಲಾಗುತ್ತದೆ. ಮುಂಗಾರಿನ ದಿನಗಳಲ್ಲಿ ಇಲ್ಲಿನ ಸೂರ್ಯಕಾಂತಿ, ಚೆಂಡುಮಲ್ಲಿಗೆ ಹೊಲಗಳನ್ನು ನೋಡಲು ಕೇರಳದಿಂದಲೂ ಜನ ಬರುತ್ತಾರೆ. ಹೊಲಕ್ಕಿಳಿಯುವ ಮುನ್ನ ರೈತರ ಅನುಮತಿ ಕೇಳುವುದು ಸೌಜನ್ಯ. ಕಾಡು ಹೊಕ್ಕ ಮೇಲೆ ತೆಪ್ಪಕಾಡಿನವರೆಗೆ ವಿರಾಮವಿಲ್ಲದ ಕಾರಣ ಪೆಟ್ರೋಲ್, ಉಪಾಹಾರ ಎರಡನ್ನೂ ಗುಂಡ್ಲುಪೇಟೆಯಲ್ಲೇ ಮುಗಿಸಿಕೊಳ್ಳುವುದು ಒಳಿತು.

ತೆಪ್ಪಕಾಡಿನಿಂದ ಊಟಿಗೆ ಎರಡು ದಾರಿ. ಮಸಿನಗುಡಿ-ಕಲ್ಲಟ್ಟಿ ದಾರಿ ಹತ್ತಿರ, ಆದರೆ 36 ಹಿಮ್ಮುರಿ ತಿರುವುಗಳ ಕಡಿದಾದ ಏರು. ಗೂಡಲೂರು ದಾರಿ ದೂರ, ಆದರೆ ಏರು ಸೌಮ್ಯ. ಸುಮಾರು 760 ಮೀಟರ್ ಎತ್ತರದ ಮೈಸೂರಿನಿಂದ 2,240 ಮೀಟರ್ ಎತ್ತರದ ಊಟಿಗೆ ಹೋಗುವ ಸವಾರ ಕೊನೆಯ ಕೆಲವೇ ಕಿಲೋಮೀಟರುಗಳಲ್ಲಿ ಆ ಏರಿನ ಬಹುಪಾಲನ್ನು ಹತ್ತಬೇಕಾಗುತ್ತದೆ. ಇಳಿಯುವಾಗ ಅಪಾಯ ಹೆಚ್ಚು. ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಒಂದನೆಯ ಅಥವಾ ಎರಡನೆಯ ಗೇರಿನಲ್ಲಿಟ್ಟು ಎಂಜಿನ್ನೇ ವೇಗವನ್ನು ತಡೆಯುವಂತೆ ಇಳಿಯಬೇಕು. ಕ್ಲಚ್ ಹಿಡಿದು ಅಥವಾ ಎಂಜಿನ್ ಆರಿಸಿ ಪೆಟ್ರೋಲ್ ಉಳಿಸುವ ಅಭ್ಯಾಸ ಇಲ್ಲಿ ಪ್ರಾಣಕ್ಕೆ ಎರವಾದೀತು. ಕಲ್ಲಟ್ಟಿಯಲ್ಲಿ ಕೆಳಗಿಳಿಯಲು ಹೊರಗಿನ ವಾಹನಗಳಿಗೆ ನಿರ್ಬಂಧವಿರುವುದೂ ಅಪಘಾತಗಳ ಕಾರಣಕ್ಕೇ. ಹಾಗಾಗಿ ಮರಳುವ ಲೆಕ್ಕವನ್ನು ಗೂಡಲೂರು ದಾರಿಗೇ ಹಾಕಿಕೊಂಡು ಎರಡನೆಯ ದಿನ ಮಧ್ಯಾಹ್ನ 12ರ ಹೊತ್ತಿಗೆ ಊಟಿ ಬಿಟ್ಟರೆ ಬಂಡೀಪುರವನ್ನು ಬೆಳಕಿರುವಾಗಲೇ ದಾಟಬಹುದು.

ನೀಲಗಿರಿ ಜಿಲ್ಲೆಗೆ ಹೋಗುವ ಪ್ರವಾಸಿ ವಾಹನಗಳಿಗೆ ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ ತಿಂಗಳಿನಿಂದ ಇ-ಪಾಸ್ ಪದ್ಧತಿ ಜಾರಿಗೆ ಬಂದಿದೆ. ಹೊರಡುವ ಮುನ್ನವೇ ಅದನ್ನು ಪಡೆದಿರಬೇಕು. ಬಳಸಿ ಬಿಸಾಡುವ ಪ್ಲಾಸ್ಟಿಕ್ ನೀರಿನ ಬಾಟಲಿಗಳಿಗೂ ಅಲ್ಲಿ ನಿಷೇಧವಿದೆ.

ಮೂರು ದಿನ: ಕೊಡಗು

ಹುಣಸೂರು, ಪಿರಿಯಾಪಟ್ಟಣ, ಟಿಬೆಟನ್ನರ ನೆಲೆಯಾದ ಬೈಲಕುಪ್ಪೆ, ಕುಶಾಲನಗರ ಹಾದು ಮಡಿಕೇರಿ ಸುಮಾರು 120 ಕಿಲೋಮೀಟರ್. ಎರಡನೆಯ ದಿನ ಭಾಗಮಂಡಲ, ತಲಕಾವೇರಿ. ಮೂರನೆಯ ದಿನ ವಿರಾಜಪೇಟೆ, ಗೋಣಿಕೊಪ್ಪ, ತಿತಿಮತಿ ಮೂಲಕ ಹುಣಸೂರಿಗೆ ಮರಳಬಹುದು. ತಿತಿಮತಿಯಿಂದ ಆನೆಚೌಕೂರಿನವರೆಗಿನ ದಾರಿ ನಾಗರಹೊಳೆಯ ಕಾಡಿನಲ್ಲಿ ಸಾಗುವುದರಿಂದ ಬಂಡೀಪುರದ ಎಚ್ಚರ ಇಲ್ಲಿಗೂ ಅನ್ವಯಿಸುತ್ತದೆ.

ಕೊಡಗಿಗೆ ಅಕ್ಟೋಬರ್‌ನಿಂದ ಫೆಬ್ರವರಿ ಪ್ರಶಸ್ತ ಕಾಲ. ಬೇಸಿಗೆಯ ಮೊದಲ ಮಳೆಗಳ ಬೆನ್ನಿಗೆ ಕಾಫಿ ಹೂವು ಅರಳುವ ಕೆಲವೇ ದಿನಗಳು ಸಿಕ್ಕರೆ ಅದು ಅದೃಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲವೇ ಚೆಂದವೆನ್ನುವವರೂ ಉಂಟು. ಅವರು 2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಸುತ್ತ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಕುಸಿದ ಗುಡ್ಡಗಳನ್ನು ಮರೆಯಬಾರದು. ಆರೆಂಜ್ ಅಥವಾ ರೆಡ್ ಅಲರ್ಟ್ ಘೋಷಣೆಯಾದ ದಿನ ಪ್ರವಾಸ ಮುಂದೂಡುವುದು ಹೇಡಿತನವಲ್ಲ, ವಿವೇಕ.

ರಸ್ತೆಯೇ ಕಣವಾದಾಗ

ಸುಗ್ಗಿಯ ದಿನಗಳಲ್ಲಿ ಮೈಸೂರು, ಮಂಡ್ಯ, ಚಾಮರಾಜನಗರ ಜಿಲ್ಲೆಗಳ ಹಳ್ಳಿ ರಸ್ತೆಗಳಲ್ಲಿ ರಾಗಿ, ಹುರುಳಿ ಮೊದಲಾದ ಫಸಲನ್ನು ಹರಡುವುದು ಸಾಮಾನ್ಯ ದೃಶ್ಯ. ಕಣ ಮಾಡುವ ಪದ್ಧತಿ ಮರೆಯಾಗಿ, ಆಳುಗಳ ಅಭಾವವೂ ಹೆಚ್ಚಿ, ಓಡಾಡುವ ವಾಹನಗಳಿಂದಲೇ ಒಕ್ಕಣೆ ಮಾಡಿಸುವ ರೂಢಿ ಬೆಳೆದಿದೆ. ಬೈಕ್ ಸವಾರನಿಗೆ ಇದು ದೊಡ್ಡ ಗಂಡಾಂತರ. ಒಣ ಹುಲ್ಲಿನ ಮೇಲೆ ಚಕ್ರ ಜಾರುತ್ತದೆ, ಹುರುಳಿಯ ಬಳ್ಳಿ ಚೈನಿಗೆ ಸುತ್ತಿಕೊಳ್ಳುತ್ತದೆ, ಅಂಚಿಗಿಟ್ಟ ಕಲ್ಲುಗಳು ಕಾಣುವುದಿಲ್ಲ. ವಾಹನದ ಕಾವಿಗೆ ಹುಲ್ಲು ಹೊತ್ತಿಕೊಂಡ ಪ್ರಸಂಗಗಳೂ ನಡೆದಿವೆ. ದೂರದಿಂದಲೇ ವೇಗ ತಗ್ಗಿಸಿ, ಹುಲ್ಲಿನ ಮೇಲೆ ಬ್ರೇಕ್ ಹಾಕದೆ, ಹ್ಯಾಂಡಲ್ ತಿರುಗಿಸದೆ ನೇರವಾಗಿ ದಾಟಬೇಕು. ಕತ್ತಲಾದ ಮೇಲೆ ಹಿಂದೀಪವಿಲ್ಲದ ಕಬ್ಬಿನ ಗಾಡಿ, ಟ್ರ್ಯಾಕ್ಟರುಗಳೂ ಎದುರಾಗುವುದರಿಂದ ಹಗಲು ಸವಾರಿಯ ನಿಯಮ ಬಯಲು ಸೀಮೆಯಲ್ಲೂ ತಪ್ಪಬಾರದು.

ಹೊರಡುವ ಮುನ್ನ

ಟೈರು, ಬ್ರೇಕು, ಚೈನು, ದೀಪ ಇವಿಷ್ಟನ್ನೂ ವಾರದ ಮೊದಲೇ ಪರೀಕ್ಷಿಸಿ ಒಮ್ಮೆ ಓಡಿಸಿ ನೋಡಬೇಕು. ಹಿಂದಿನ ದಿನ ರಿಪೇರಿ ಮಾಡಿಸಿದ ಬೈಕಿನ ದೋಷ ದಾರಿಯಲ್ಲಿ ತಿಳಿಯುತ್ತದೆ. ಹೆಚ್ಚುವರಿ ಕ್ಲಚ್ ಕೇಬಲ್, ಸ್ಪಾರ್ಕ್ ಪ್ಲಗ್, ಪಂಕ್ಚರ್ ಸಾಮಗ್ರಿ ಜತೆಗಿರಲಿ. 2019ರ ಏಪ್ರಿಲ್‌ಗಿಂತ ಹಿಂದೆ ತಯಾರಾದ ಅನೇಕ ಬೈಕುಗಳಲ್ಲಿ ಎಬಿಎಸ್ ಇಲ್ಲದಿರುವುದರಿಂದ ಅಂತಹವನ್ನು ಒದ್ದೆ ರಸ್ತೆಯಲ್ಲಿ ಓಡಿಸುವಾಗ ಅಂತರ ಹೆಚ್ಚಿರಬೇಕು. ಬಾಡಿಗೆಗೆ ಪಡೆಯುವವರು ಕಪ್ಪು ಫಲಕದ ಮೇಲೆ ಹಳದಿ ಅಕ್ಷರವಿರುವ, ಪರವಾನಗಿಯುಳ್ಳ ವಾಹನವನ್ನೇ ಆರಿಸಿಕೊಂಡು, ಅದು ಹೊರರಾಜ್ಯಕ್ಕೆ ಹೋಗಬಹುದೇ, ವಿಮೆ ಚಾಲ್ತಿಯಲ್ಲಿದೆಯೇ ಎಂದು ಕೇಳಿ ತಿಳಿದುಕೊಳ್ಳಬೇಕು. ಇಬ್ಬರು ಸವಾರರಿಗೂ ಐಎಸ್ಐ ಗುರುತಿನ ಹೆಲ್ಮೆಟ್ ಕಡ್ಡಾಯ.

ಕಾಡು, ಘಟ್ಟಗಳಲ್ಲಿ ಮೊಬೈಲ್ ಸಿಗ್ನಲ್ ಇರುವುದೇ ಅಪರೂಪ. ಯಾವ ಹೊತ್ತಿಗೆ ಯಾವ ಊರು ದಾಟುವುದೆಂದು ಬರೆದ ಚೀಟಿಯೊಂದನ್ನು ಮನೆಯಲ್ಲಿ ಕೊಟ್ಟು ಹೊರಟರೆ, ಗೊತ್ತಾದ ವೇಳೆಗೆ ಕರೆ ಬಾರದಿದ್ದಾಗ ಎಲ್ಲಿ ಹುಡುಕಬೇಕೆಂಬುದು ಮನೆಯವರಿಗೆ ತಿಳಿದಿರುತ್ತದೆ. ಅದೇ ಚೀಟಿಯ ಪ್ರತಿಯೊಂದು ಸವಾರನ ಜೇಬಿನಲ್ಲಿದ್ದರೆ, ಸಂಜೆ 5ರ ಹೊತ್ತಿಗೆ ಇನ್ನೂ ಕಾಡಿನಾಚೆಯೇ ಉಳಿದವನಿಗೆ ಅಲ್ಲೇ ತಂಗುವ ಬುದ್ಧಿಯನ್ನು ಅದೇ ಹೇಳುತ್ತದೆ. ಒಂದು ರಾತ್ರಿಯ ಕೊಠಡಿ ಬಾಡಿಗೆ ಉಳಿಸುವ ಆತುರದಲ್ಲಿ ಕತ್ತಲ ಕಾಡಿಗೆ ನುಗ್ಗಿದರೆ ಅಪಾಯ ಸವಾರನೊಬ್ಬನಿಗೇ ಅಲ್ಲ, ಅದೇ ಹೊತ್ತಿಗೆ ನೀರಿಗೆಂದು ರಸ್ತೆ ದಾಟುವ ಪ್ರಾಣಿಗೂ ಹೌದು.