ಪೃಚ್ಛನೆಯೂ ತಪಸ್ಸೇ

ಶಾಸ್ತ್ರದ ತಾಳೆಗರಿಗಳನ್ನು ಓದುವ ಹವ್ಯಾಸಕ್ಕೆ ಹೊಸದಾಗಿ ಬಂದವನು ‘ಈ ೞ ಯಾವ ಅಕ್ಷರ?’ ಎಂದು ಕೇಳುತ್ತಾನೆ. ನುರಿತವರಿಗೆ ಅದು ನೂರು ಸಲ ಕೇಳಿದ ಪ್ರಶ್ನೆ. ‘ಇಷ್ಟೂ ತಿಳಿಯದೇ?’ ಎಂಬ ಒಂದು ನಗೆ ಸಾಕು, ಅವನು ಮತ್ತೆ ಗರಿಯನ್ನು ಮುಟ್ಟಲಾರನು.

ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಸ್ವಾಧ್ಯಾಯವನ್ನು ಅಂತರಂಗ ತಪಸ್ಸೆಂದು ಎಣಿಸಿ, ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ ಎಂಬ 5 ಭೇದಗಳನ್ನು ಹೇಳುತ್ತದೆ. ಪೃಚ್ಛನೆಯೆಂದರೆ ಸಂಶಯ ಕಳೆದುಕೊಳ್ಳಲು ಕೇಳುವುದು. ಆದ್ದರಿಂದ ಕೇಳಿದವನು ದಡ್ಡನಲ್ಲ, ತಪಸ್ಸಿಗೆ ತೊಡಗಿದವನು.

ಅದೇ ಗ್ರಂಥದ 6ನೆಯ ಅಧ್ಯಾಯವು ನುರಿತವರನ್ನೂ ಎಚ್ಚರಿಸುತ್ತದೆ. ತಿಳಿದುದನ್ನು ಮರೆಮಾಡುವ ನಿಹ್ನವ, ಹೇಳಿಕೊಡಲೊಲ್ಲದ ಮಾತ್ಸರ್ಯ, ಕಲಿಕೆಗೆ ಅಡ್ಡಬರುವ ಅಂತರಾಯ ಇವೆಲ್ಲ ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣಗಳು. ಹೊಸಬನ ಬಾಯಿ ಮುಚ್ಚಿಸಿದವನು ತನ್ನ ಅರಿವಿಗೇ ತೆರೆ ಎಳೆದುಕೊಳ್ಳುತ್ತಾನೆ.

ಭಗವಾನ್ ಮಹಾವೀರರ ಸಮವಸರಣದಲ್ಲಿ ಶ್ರೇಣಿಕ ಮಹಾರಾಜನು ಕೇಳಿದನು. ಗೌತಮ ಗಣಧರರು ಬೇಸರಿಸದೆ ಉತ್ತರಿಸಿದರು. ಎಷ್ಟೋ ಜೈನಪುರಾಣಗಳು ತೊಡಗುವುದು ಆ ಪ್ರಶ್ನೆಯಿಂದಲೇ.

ತಾಳೆಗರಿ ಓದಬಲ್ಲವರು ಇಂದು ವಿರಳ. ಕೇಳುವವನು ಹಿಂದಿರುಗಿದರೆ ಗರಿ ಉಳಿದರೂ ಓದು ಅಳಿಯುತ್ತದೆ. ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ 4 ದಾನಗಳು ಶ್ರಾವಕನ ಕರ್ತವ್ಯ. ಹೊಸಬನಿಗೆ ಒಂದಕ್ಷರವನ್ನು ತಾಳ್ಮೆಯಿಂದ ತೋರಿಸಿಕೊಡುವುದೂ ಶಾಸ್ತ್ರದಾನವೇ.